ತೋಪು ಒಂದು, ಆಳು ಆರು: ಪುಟ್ಟ ಫಿರಂಗಿ ಸೆಟ್ಟುಗಳನ್ನು ಕೂಡಿಡುವ ಬಗೆ

ನನ್ನ ಶೋಕೇಸಿನ ಮಧ್ಯದ ಗಾಜಿನ ಹಲಗೆಯ ಮೇಲೆ ಒಬ್ಬ ಗನ್ನರ್, ಅಂದರೆ ತೋಪಿನ ಸಿಪಾಯಿ, ಮೊಣಕಾಲೂರಿ ಕೂತಿದ್ದಾನೆ. ಎದ್ದು ನಿಂತರೂ ಆರು ಸೆಂಟಿಮೀಟರ್ ಆಗಲಿಕ್ಕಿಲ್ಲ. ಎರಡೂ ಕೈಯಲ್ಲಿ ಒಂದು ಗುಂಡು ಹಿಡಿದಿದ್ದಾನೆ. ನಿಜವಾದ ಗುಂಡಿನ ತೂಕ 25 ಪೌಂಡು, ಅಂದರೆ 11 ಕಿಲೋಗಿಂತ ಸ್ವಲ್ಪ ಜಾಸ್ತಿ. ಬಣ್ಣ ಹಚ್ಚಿದವರು ಅವನ ಮುಂಗೈ ಮೇಲೆ ಕೂದಲೆಳೆಯಷ್ಟು ಸಣ್ಣ ತಿಳಿ ಗೆರೆ ಎಳೆದಿದ್ದಾರೆ. ನರ ಉಬ್ಬಿದ ಹಾಗೆ ಕಾಣುತ್ತದೆ. ಆ ಒಂದು ಗೆರೆಯಿಂದಲೇ ಗುಂಡಿಗೆ ಭಾರ ಬಂದಿದೆ.

ಬಳ್ಳಾರಿಯ ನಮ್ಮ ಮನೆಗೆ ಬಂದವರು "ಮಕ್ಕಳ ಆಟಿಗಿ ಏನ್ರೀ?" ಅಂತ ಕೇಳುತ್ತಾರೆ. ಅಲ್ಲ. ಯುದ್ಧದಲ್ಲಿ ನಿಜವಾಗಿ ಬಳಸಿದ ತೋಪುಗಳನ್ನು, ಅದರ ಸುತ್ತ ದುಡಿದ ಆಳುಗಳನ್ನು ಅಳತೆಗೆ ತಕ್ಕಂತೆ ಮಾಡಿ, ಕೈಯಿಂದ ಬಣ್ಣ ಹಚ್ಚಿದ ಮಿನಿಯೇಚರ್‌ಗಳು ಇವು. ಈಚೆಗೆ ನಮ್ಮ ಕಡೆಯ ಕೆಲವು ಹುಡುಗರು ಇದರಲ್ಲಿ ಆಸಕ್ತಿ ತೋರಿಸಿ, ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ತೋಪನ್ನು ಕೊಳ್ಳಬೇಡಿ, ತೋಪಿನವರನ್ನು ಕೊಳ್ಳಿ. ಆಳಿಲ್ಲದ ತೋಪು ಬರೀ ಕಬ್ಬಿಣ. ಯಾರು ಎಲ್ಲಿ ನಿಲ್ಲುತ್ತಾರೆ, ಯಾರ ಕೈಯಲ್ಲಿ ಏನಿದೆ ಅನ್ನುವುದು ಗೊತ್ತಾದಾಗ ಮಾತ್ರ ಅದೊಂದು ಘಳಿಗೆ ಆಗುತ್ತದೆ. ಹತ್ತು ತೋಪು ಸಾಲಾಗಿ ನಿಲ್ಲಿಸಿದವನಿಗಿಂತ, ಒಂದೇ ತೋಪಿಗೆ ಆರೂ ಜನರನ್ನು ಪೂರ್ತಿ ಮಾಡಿದವನ ಸಂಗ್ರಹ ನನಗೆ ದೊಡ್ಡದು.

ಮೊದಲು ಅಳತೆ ಗಟ್ಟಿ ಮಾಡಿಕೊಳ್ಳಿ

ಹೊಸಬರು ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಫೋಟೋದಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ. ಮನೆಗೆ ಬಂದ ಮೇಲೆ ಒಬ್ಬ ಸೈನಿಕ ಇನ್ನೊಬ್ಬನ ಭುಜಕ್ಕೆ ಬರುತ್ತಾನೆ.

ಚಾಲ್ತಿಯಲ್ಲಿರುವ ಅಳತೆಗಳು ಮುಖ್ಯವಾಗಿ ನಾಲ್ಕು. 1:30, 1:32, 1:35 ಮತ್ತು 1:72. 1:30 ಅಂದರೆ ನಿಜದ ಮೂವತ್ತನೇ ಒಂದು ಭಾಗ. ಇದರಲ್ಲಿ 1:32 ಅನ್ನುವುದನ್ನೇ ಹಳಬರು ನಿಂತ ಆಳಿನ ಎತ್ತರ ಹಿಡಿದು 54 ಮಿಲಿಮೀಟರ್ ಅನ್ನುತ್ತಾರೆ. ಲಂಡನ್ನಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಒಳಗೆ ಪೊಳ್ಳಾಗಿ ಸೀಸದ ಎರಕ ಹೊಯ್ಯುವ ವಿಧಾನದಿಂದ ಸೈನಿಕರನ್ನು ಮಾಡಲು ಶುರು ಮಾಡಿತು. ಆ 54 ಮಿಲಿಮೀಟರ್ ಮುಂದೆ ಎಲ್ಲರಿಗೂ ರೂಢಿಯ ಅಳತೆಯಾಯಿತು. ಈಗ ಅಂಗಡಿಗೆ ಬರುವ ಬಣ್ಣ ಹಚ್ಚಿದ ಲೋಹದ ಸೆಟ್ಟುಗಳಲ್ಲಿ 1:30 ಹೆಚ್ಚು. ಹಾಂಗ್‌ಕಾಂಗ್‌ನ ಕಿಂಗ್ ಅಂಡ್ ಕಂಟ್ರಿಯವರದು ಇದೇ ಅಳತೆ. 1:35 ಅಂದರೆ ಟಾಮಿಯಾದಂಥ ಪ್ಲಾಸ್ಟಿಕ್ ಕಿಟ್ಟುಗಳು, ನಾವೇ ಜೋಡಿಸಿ ಬಣ್ಣ ಹಚ್ಚಬೇಕು. 1:72 ಅಂದರೆ ಹೆಬ್ಬೆರಳಿನ ಅರ್ಧದಷ್ಟು ಸೈನಿಕರು.

ಲೆಕ್ಕ ಸುಲಭ. ನಿಜದ ಉದ್ದವನ್ನು ಅಳತೆಯಿಂದ ಭಾಗಿಸಿ. 25 ಪೌಂಡರ್, ಅಂದರೆ 25 ಪೌಂಡಿನ ಗುಂಡು ಹಾರಿಸುವ ಬ್ರಿಟಿಷ್ ತೋಪು, ಅದರ ಉದ್ದ ಸುಮಾರು 4.6 ಮೀಟರ್. 1:30ರಲ್ಲಿ ಅದು 15 ಸೆಂಟಿಮೀಟರ್, 1:35ರಲ್ಲಿ 13, 1:72ರಲ್ಲಿ ಆರೂವರೆಗೂ ಕಡಿಮೆ. 175 ಸೆಂಟಿಮೀಟರ್ ಎತ್ತರದ ಆಳು 1:30ರಲ್ಲಿ 5.8 ಆಗುತ್ತಾನೆ, 1:35ರಲ್ಲಿ 5. ಎಂಟು ಮಿಲಿಮೀಟರ್ ವ್ಯತ್ಯಾಸ ಅಷ್ಟೇ ಅಲ್ವಾ ಅನಿಸಬಹುದು. ಪಕ್ಕಪಕ್ಕ ನಿಲ್ಲಿಸಿ ನೋಡಿ, ಒಬ್ಬ ದೊಡ್ಡವನು, ಒಬ್ಬ ಹೈಸ್ಕೂಲು ಹುಡುಗ! 1:30 ಮತ್ತು 1:32 ಒಂದೇ ಹಲಗೆಯ ಮೇಲೆ ನಡೆಯುತ್ತದೆ, ಸ್ವಲ್ಪ ದೂರ ಇಟ್ಟರೆ ಸಾಕು. 1:35ನ್ನು ಅದರ ಜೊತೆ ಬೆರೆಸಬೇಡಿ.

ನನ್ನ ಸಲಹೆ ಕೇಳಿದರೆ 1:30 ಅಥವಾ 1:32. ಮುಖ ಓದಲು ಆಗುವುದು ಈ ಅಳತೆಯಿಂದ ಮೇಲೆ. ಕೈ ಬಿಗಿ ಇದ್ದರೆ 1:72ರಲ್ಲಿ ಶುರು ಮಾಡಿ, ತಪ್ಪೇನಿಲ್ಲ. ಪೂರ್ತಿ ಒಂದು ಬ್ಯಾಟರಿಯೇ, ಅಂದರೆ ಹಲವು ತೋಪುಗಳ ಒಂದು ತಂಡವೇ, ಒಂದು ಅಡಿ ಹಲಗೆಯಲ್ಲಿ ಹಿಡಿಯುತ್ತದೆ.

ಇನ್ನೊಂದು. ಹೊಳಪಿನ ಬಣ್ಣದ ಸೈನಿಕರು ಬೇರೆ, ಮಂಕು ಬಣ್ಣದವರು ಬೇರೆ. ಹಳೆಯ ಬ್ರಿಟನ್ಸ್ ಶೈಲಿಯವು ಮಿರಮಿರ ಮಿಂಚುತ್ತವೆ, ಕೆನ್ನೆ ಮೇಲೆ ಗುಲಾಬಿ ಚುಕ್ಕೆ ಇರುತ್ತದೆ. ಈಗಿನವು ಧೂಳು, ಬೆವರು, ನೆರಳು ಎಲ್ಲ ತೋರಿಸುವ ಮಂಕು ಬಣ್ಣದವು. ಎರಡೂ ಚೆಂದ, ಆದರೆ ಒಟ್ಟಿಗೆ ಕೂರುವುದಿಲ್ಲ. ಒಂದನ್ನು ಆರಿಸಿಕೊಳ್ಳಿ.

ಒಂದೇ ರಣರಂಗ ಹಿಡಿಯಿರಿ

ಕಂಡಿದ್ದೆಲ್ಲ ಕೊಂಡರೆ ಶೋಕೇಸು ಸಂತೆ ಆಗುತ್ತದೆ. ಒಂದು ಯುದ್ಧ, ಒಂದು ಜಾಗ, ಸಾಧ್ಯವಾದರೆ ಒಂದು ವರ್ಷ. ಅಷ್ಟಕ್ಕೆ ಮನಸ್ಸು ಕಟ್ಟಿಕೊಳ್ಳಿ.

ಮೊದಲ ಮಹಾಯುದ್ಧ ಇಷ್ಟವಾದರೆ ಬ್ರಿಟಿಷರ 18 ಪೌಂಡರ್ ಇದೆ. ಅದರ ಸೊಗಸು ತೋಪಿಗಿಂತ ಎಳೆಯುವ ಕುದುರೆಗಳಲ್ಲಿದೆ. ಆರು ಕುದುರೆ, ಮೂರು ಜೋಡಿ. ಪ್ರತಿ ಜೋಡಿಯಲ್ಲಿ ಎಡಗಡೆಯ ಕುದುರೆ ಮೇಲೆ ಒಬ್ಬ ಸವಾರ. ಅವನ ಬಲಗಾಲಿಗೆ ಒಂದು ಕಾವಲು ಕಟ್ಟಿರುತ್ತಾರೆ, ನಡುವಿನ ಮೂಕಿಗೂ ಪಕ್ಕದ ಕುದುರೆಗೂ ಸಿಕ್ಕು ಕಾಲು ಜಜ್ಜದಿರಲಿ ಅಂತ. ಒಳ್ಳೆಯ ಸೆಟ್ಟಿನಲ್ಲಿ ಬಲಗಾಲಿಗೆ ಮಾತ್ರ ಆ ಕಾವಲು ಕಾಣುತ್ತದೆ. ಎರಡೂ ಕಾಲು ಒಂದೇ ಥರ ಇದ್ದರೆ ಮಾಡಿದವರು ಓದಿಕೊಂಡಿಲ್ಲ ಅಂತಲೇ ಅರ್ಥ.

ಎರಡನೇ ಮಹಾಯುದ್ಧಕ್ಕೆ ಬಂದರೆ ಜನ ಮೊದಲು ಓಡುವುದು ಜರ್ಮನ್ನರ 88 ಮಿಲಿಮೀಟರ್ ತೋಪಿಗೆ. ವಿಮಾನ ಹೊಡೆಯಲು ಮಾಡಿದ್ದು, ಟ್ಯಾಂಕು ಹೊಡೆದು ಹೆಸರು ಮಾಡಿತು. ನಾಲ್ಕು ಕಾಲು ಚಾಚಿ ಕೂರುತ್ತದೆ. 1:30ರಲ್ಲಿ ಅದರ ನಳಿಗೆಯೊಂದೇ 16 ಸೆಂಟಿಮೀಟರ್ ಆಗುತ್ತದೆ, ಹಲಗೆಯ ಅಗಲ ನೋಡಿಕೊಂಡು ಕೊಳ್ಳಿ. ಇಲ್ಲಿ ಬಣ್ಣದ ಕಡೆ ಗಮನ ಇರಲಿ. ಜರ್ಮನ್ನರು ತಮ್ಮ ಗಾಡಿ, ತೋಪುಗಳಿಗೆ ಗಾಢ ಬೂದು ಬಿಟ್ಟು ಗಾಢ ಹಳದಿ ಹಚ್ಚಲು ಶುರು ಮಾಡಿದ್ದು 1943ರ ಫೆಬ್ರವರಿಯಲ್ಲಿ. ಮರಳುಗಾಡಿನ ಮಾತು ಬೇರೆ. 1940ರ ಫ್ರಾನ್ಸ್ ಅಂತ ಹೇಳಿ ಹಳದಿ ತೋಪು ಮಾರಲು ಬಂದರೆ ಬೇಡ ಅನ್ನಿ. ಈ ತೋಪಿನ ಬಹಳಷ್ಟು ಆಳುಗಳು ವಾಯುಪಡೆಯವರು. ನೀಲಿ ಛಾಯೆಯ ಬೂದು ಬಟ್ಟೆ, ಕಾಲರ್ ಮೇಲೆ ಕೆಂಪು ಪಟ್ಟಿ ಇದ್ದರೆ ಸರಿ.

ನನ್ನ ಮನಸ್ಸು ನಿಂತಿದ್ದು 25 ಪೌಂಡರ್ ಮೇಲೆ. ಕಾರಣ ಇದೆ. ಈಜಿಪ್ಟಿನ ಎಲ್ ಅಲಮೈನ್‌ನಲ್ಲಿ 1942ರ ಅಕ್ಟೋಬರ್ 23ರ ರಾತ್ರಿ ಸಿಡಿದ ಸುಮಾರು 900 ತೋಪುಗಳಲ್ಲಿ ಹೆಚ್ಚಿನವು ಇವೇ. ಬರ್ಮಾದಲ್ಲಿ, ಇಟಲಿಯಲ್ಲಿ ನಮ್ಮ ಹುಡುಗರು ಎಳೆದು ಹಾರಿಸಿದ್ದು ಇದನ್ನೇ. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಸೇನೆಯಲ್ಲಿ ಉಳಿಯಿತು, 1965ರ ಯುದ್ಧದಲ್ಲೂ ಗುಡುಗಿತು.

ಇನ್ನೂ ಹತ್ತಿರದ್ದು ಬೇಕು ಅಂದರೆ ಬೆಟ್ಟದ ತೋಪು ಹುಡುಕಿ. 3.7 ಇಂಚಿನ ಮೌಂಟನ್ ಹೊವಿಟ್ಜರ್ ಬಿಚ್ಚಿದರೆ ಎಂಟು ಹೇಸರಗತ್ತೆಗಳ ಹೇರು. 1915ರಲ್ಲಿ ಟರ್ಕಿಯ ಗ್ಯಾಲಿಪೋಲಿಗೆ ಹೋದ ಭಾರತೀಯ ಸೇನೆಯ 21ನೇ ಕೊಹಾಟ್ ಮತ್ತು 26ನೇ ಜೇಕಬ್ಸ್ ಬ್ಯಾಟರಿಗಳು ಹೀಗೆ ಹೇಸರಗತ್ತೆ ಮೇಲೆಯೇ ತೋಪು ಹೇರಿಕೊಂಡು ದಂಡೆ ಹತ್ತಿದವು, ಅವರದು 10 ಪೌಂಡರ್. ಬರ್ಮಾದ ಕಲದಾನ್ ಕಣಿವೆಯಲ್ಲಿ 1944ರ ಡಿಸೆಂಬರ್ 15-16ರ ರಾತ್ರಿ ಹವಾಲ್ದಾರ್ ಉಮ್ರಾವ್ ಸಿಂಗ್ ತನ್ನ ತೋಪು ಬಿಟ್ಟುಕೊಡಲಿಲ್ಲ. ಗುಂಡು ಮುಗಿದ ಮೇಲೆ ಹಾರೆಯಂಥ ಕಬ್ಬಿಣದ ಕೋಲು ಹಿಡಿದು ಕೈಕೈ ಮಿಲಾಯಿಸಿದರು, ವಿಕ್ಟೋರಿಯಾ ಕ್ರಾಸ್ ಪಡೆದರು. ಬೆಟ್ಟದ ತೋಪಿನ ಸೆಟ್ಟು ಕೈಗೆ ಬಂದರೆ ನಾನು ಮೊದಲು ಆ ಕೋಲು ಇದೆಯಾ ಅಂತ ನೋಡುತ್ತೇನೆ. ಹಳೆಯದರಲ್ಲಿ ಆಸಕ್ತಿ ಇದ್ದವರಿಗೆ ಬ್ರಿಟನ್ಸ್ ಪಟ್ಟಿಯ 28ನೇ ನಂಬರಿನ ಸೆಟ್ಟೇ ಹೇಸರಗತ್ತೆಗಳ ಮೌಂಟನ್ ಬ್ಯಾಟರಿ.

ಆಳುಗಳ ಕೆಲಸ ಬಾಯಿಪಾಠ ಆಗಲಿ

25 ಪೌಂಡರ್‌ಗೆ ಆರು ಜನ. ಒಂದನೇ ನಂಬರಿನವನು ಸಾರ್ಜೆಂಟ್, ತೋಪಿನ ಯಜಮಾನ. ಎರಡನೆಯವನು ಬಲಗಡೆ, ನಳಿಗೆಯ ಹಿಂಬದಿ ಬಾಗಿಲು ತೆರೆದು ಮುಚ್ಚುವವನು, ಗುಂಡನ್ನು ಒಳಗೆ ಒತ್ತುವವನೂ ಅವನೇ. ಮೂರನೆಯವನು ಎಡಗಡೆ ಕೂತು ಗುರಿ ಹಿಡಿಯುತ್ತಾನೆ. ನಾಲ್ಕನೆಯವನು ಗುಂಡು ತಂದು ಇಡುತ್ತಾನೆ. ಐದನೆಯವನು ಮದ್ದುಗುಂಡು ಕೊಡುತ್ತಾನೆ. ಆರನೆಯವನು ಯಜಮಾನನ ಎರಡನೇ ಕೈ, ಗುಂಡಿನ ಫ್ಯೂಜ್ (ಅದನ್ನು ಸಿಡಿಸುವ ಭಾಗ) ಸರಿಮಾಡಿ ಕಳಿಸುವುದು ಅವನ ಹೊಣೆ. ಈ ತೋಪಿನಲ್ಲಿ ಗುಂಡು ಬೇರೆ, ಮದ್ದಿನ ಹಿತ್ತಾಳೆ ಕೊಳವೆ ಬೇರೆ. ಮೊದಲು ಗುಂಡು ಹೋಗುತ್ತದೆ, ಆಮೇಲೆ ಕೊಳವೆ. ಹಾಗಾಗಿ ಒಬ್ಬನ ಕೈಯಲ್ಲಿ ಗುಂಡೂ ಕೊಳವೆಯೂ ಒಂದಾಗಿ ಅಂಟಿಕೊಂಡಿದ್ದರೆ ಅದು ಈ ತೋಪಿನ ಆಳಲ್ಲ.

ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ. ಆದರೆ ಕಣ್ಣಿಗೆ ಬಂದಿದ್ದು ನಮ್ಮ ಓಣಿಯ ಒಬ್ಬ ನಿವೃತ್ತ ಸುಬೇದಾರರಿಂದ. ತೋಪುಖಾನೆಯಲ್ಲೇ ಸೇವೆ ಮಾಡಿದವರು. ಒಂದು ಸಂಜೆ ಚಹಾಕ್ಕೆ ಬಂದವರು ಶೋಕೇಸಿನ ಮುಂದೆ ಬಗ್ಗಿ ತುಂಬಾ ಹೊತ್ತು ನೋಡಿದರು.

"ಇವ ಯಾಕ ಇಲ್ಲಿ ನಿಂತಾನ?"

"ಗುಂಡು ಹಾಕಾಕ ನಿಂತಾನ ಕಾಕಾ."

"ಅಲ್ಲೋ ತಮ್ಮಾ, ತೋಪು ಹಾರಿದ ಕೂಡ್ಲೇ ನಳಿಗಿ ಹಿಂದಕ್ಕ ಬರ್ತೈತಿ. ಎದಿ ಒಡದು ಹೋಗ್ತಾನ. ಸರಿಸು ಅವನ್ನ."

ನಾನು ಬಾಗಿಲು ತೆರೆದು ಸರಿಸಿದೆ. ಅವರು ಬೆರಳಲ್ಲಿ ಗಾಜಿನ ಮೇಲೆ ತೋರಿಸುತ್ತಾ ಹೋದರು, ಇನ್ನೊಂಚೂರು ಎಡಕ್ಕೆ, ಇನ್ನೊಂಚೂರು. ಮುಗಿದಾಗ ಚಹಾ ಆರಿಹೋಗಿತ್ತು. ತೋಪು ಮಾತ್ರ ಅವತ್ತೇ ಮೊದಲ ಸಲ ಹಾರಿಸಲು ತಯಾರಾದ ಹಾಗೆ ಕಂಡಿತು.

ಲೆಕ್ಕದಲ್ಲಿ ಹೇಳುವುದಾದರೆ 25 ಪೌಂಡರ್ ನಳಿಗೆ ಹಾರಿದಾಗ 20ರಿಂದ 36 ಇಂಚು ಹಿಂದೆ ಸರಿಯುತ್ತದೆ. 1:30ರಲ್ಲಿ ಅದು ಹೆಚ್ಚೆಂದರೆ 3 ಸೆಂಟಿಮೀಟರ್. ನಳಿಗೆಯ ಬಾಗಿಲಿನ ನೇರ ಹಿಂದೆ ಅಷ್ಟು ಜಾಗ ಖಾಲಿ ಬಿಡಿ. ನಾಲ್ಕನೆಯವನು ಸ್ವಲ್ಪ ಎಡಕ್ಕೆ ಇರಲಿ. ಮದ್ದುಗುಂಡಿನ ಬಂಡಿ, 32 ಗುಂಡು ಹಿಡಿಯುವಂಥದ್ದು, ಸಾಮಾನ್ಯವಾಗಿ ತೋಪಿನ ಎಡಗಡೆ ನಿಲ್ಲುತ್ತದೆ. ಗುಂಡುಗಳು ಅಲ್ಲಿಂದ ಕೈದಾಟಿ ಬರುವ ಸಾಲು ಒಂದೇ ನೋಟಕ್ಕೆ ಕಣ್ಣಿಗೆ ಸಿಗಬೇಕು.

ಗಾಲಿಯ ಕೆಳಗೂ ನೋಡಿ. ಈ ತೋಪಿಗೆ ಬಂಡಿ ಗಾಲಿಯಂಥ ಒಂದು ದುಂಡು ಚೌಕಟ್ಟು ಇರುತ್ತದೆ. ಹಾರಿಸುವಾಗ ಅದನ್ನು ನೆಲಕ್ಕೆ ಹಾಕಿ ತೋಪಿನ ಗಾಲಿಗಳನ್ನು ಅದರ ಮೇಲೆ ಹತ್ತಿಸುತ್ತಾರೆ. ಆಗ ಒಬ್ಬನೇ ಹಿಂದಿನ ತುದಿ ಎತ್ತಿ ತೋಪನ್ನು ಸುತ್ತಲೂ ತಿರುಗಿಸಬಹುದು. ಎಳೆದುಕೊಂಡು ಹೋಗುವಾಗ ಆ ಚೌಕಟ್ಟು ಮೇಲಕ್ಕೆ ಕಟ್ಟಿರುತ್ತದೆ. ಆಳುಗಳು ಗುಂಡು ಹಾಕುತ್ತಿದ್ದು, ಚೌಕಟ್ಟು ಕಟ್ಟಿದ ಹಾಗೇ ಇದ್ದರೆ ಎರಡು ಬೇರೆ ಸೆಟ್ಟು ಕೂಡಿಸಿ ಮಾರುತ್ತಿದ್ದಾರೋ ಏನೋ ಅಂತ ವಿಚಾರಿಸಿ.

ಬಣ್ಣ ನೋಡುವ ಕಣ್ಣು ಬೇಕಾದರೆ ಕಿನ್ನಾಳಕ್ಕೆ ಹೋಗಿ

ಇದು ಸುತ್ತುದಾರಿ ಅನಿಸಬಹುದು. ಆದರೆ ನಮ್ಮ ಸುತ್ತಮುತ್ತ ಇರುವವರಿಗೆ ಇಂಥ ಅನುಕೂಲ ಇನ್ನೆಲ್ಲೂ ಇಲ್ಲ. ಕೊಪ್ಪಳದ ಹತ್ತಿರವೇ ಇರುವ ಕಿನ್ನಾಳದಲ್ಲಿ ಚಿತ್ರಗಾರರ ಮನೆಗಳು ತಲೆತಲಾಂತರದಿಂದ ಮರದ ಗೊಂಬೆಗೆ ಬಣ್ಣ ಹಚ್ಚುತ್ತಿವೆ. ಹಗುರ ಮರ, ಅದರ ಮೇಲೆ ಮರದ ಹುಡಿ, ಸೆಣಬಿನ ಚೂರು, ಹುಣಸೆ ಬೀಜದ ಅಂಟು ಕಲೆಸಿದ ಕಿಟ್ಟ, ಆಮೇಲೆ ಬಣ್ಣ. ಒಡವೆಯ ಉಬ್ಬುಗೆರೆಗಳನ್ನು ಅಂಟು ಕಲೆಸಿದ ಕಲ್ಲಿನ ಪುಡಿಯಿಂದ ಎಳೆಯುತ್ತಾರೆ. ಆ ಕೈ ಓಡುವುದನ್ನು ಅರ್ಧ ಗಂಟೆ ಕೂತು ನೋಡಿ.

ನಾನು ಹೋದಾಗ ಒಬ್ಬ ಹಿರಿಯರು ಗರುಡನಿಗೆ ಕಣ್ಣು ಬರೆಯುತ್ತಿದ್ದರು. ಉಸಿರು ಹಿಡಿದು ಒಂದೇ ಎಳೆತ. ಕುಂಚ ಎತ್ತಿದ ಮೇಲೇ ಉಸಿರು ಬಿಟ್ಟರು. ಗೆರೆ ಶುರುವಾದ ಕಡೆ ಸಣ್ಣ, ಮಧ್ಯದಲ್ಲಿ ತುಂಬಿ, ಕೊನೆಗೆ ಮತ್ತೆ ಸಣ್ಣ. ತಿದ್ದಿದ ಗುರುತೇ ಇಲ್ಲ. ಮನೆಗೆ ಬಂದು ನನ್ನ ಗನ್ನರ್‌ಗಳ ಮುಖಕ್ಕೆ ಭೂತಗನ್ನಡಿ ಹಿಡಿದೆ. ಯಾವುದರಲ್ಲಿ ಕೈ ಓಡಿದೆ, ಯಾವುದರಲ್ಲಿ ಕೈ ತಡವರಿಸಿದೆ ಅನ್ನುವುದು ಆಗ ತಾನಾಗಿ ಕಾಣತೊಡಗಿತು.

ಮಿನಿಯೇಚರ್ ನೋಡುವಾಗ ನಾನು ಅನುಸರಿಸುವ ಸಾಲು ಇದು. ಮೊದಲು ಕಣ್ಣು. ಎರಡೂ ಕಣ್ಣು ಒಂದೇ ಕಡೆ ನೋಡುತ್ತಿವೆಯಾ, ಮತ್ತು ಆ ಕಡೆ ಅವನ ಕೆಲಸ ಇದೆಯಾ? ಗುರಿ ಹಿಡಿಯುವವನ ಕಣ್ಣು ಎದುರಿನ ಸಾಧನದ ಮೇಲೆ ಇರಬೇಕು, ಆಕಾಶದ ಮೇಲಲ್ಲ. ಆಮೇಲೆ ಬಟ್ಟೆಯ ಅಂಚು. ಕಾಲರ್ ಮತ್ತು ಕುತ್ತಿಗೆ ಸೇರುವಲ್ಲಿ, ಬೆಲ್ಟು ಮತ್ತು ಅಂಗಿ ಸೇರುವಲ್ಲಿ ಬಣ್ಣ ಒಂದರ ಮೇಲೊಂದು ಹರಿದಿರಬಾರದು. ಆಮೇಲೆ ನೆರಳು. ಮಡಿಕೆಯ ಒಳಗೆ ಕಪ್ಪು, ಮೇಲೆ ತಿಳಿ. ಎಲ್ಲ ಕಡೆ ಒಂದೇ ಬಣ್ಣ ಬಳಿದಿದ್ದರೆ ಕೆಲಸ ಅವಸರದ್ದು. ಕೊನೆಗೆ ಕೈ. ಬೆರಳುಗಳ ನಡುವೆ ಗೆರೆ ಇದೆಯಾ? ಗುಂಡು ಹಿಡಿದ ಕೈ ನಿಜವಾಗಿ ಹಿಡಿದಿದೆಯಾ, ಸುಮ್ನೆ ಅಂಟಿಕೊಂಡಿದೆಯಾ?

ಸೆಕೆಂಡ್‌ಹ್ಯಾಂಡ್ ಆದರೆ ಮರುಬಣ್ಣದ ಗುರುತು ಹುಡುಕಿ. ಪೀಠದ ಕೆಳಗಿನ ಬಣ್ಣ ಮತ್ತು ಮೇಲಿನ ಬಣ್ಣ ಹೊಂದದಿದ್ದರೆ, ಅಂಗಿಯ ಸಣ್ಣ ಗುಂಡಿಗಳು ದಪ್ಪ ಬಣ್ಣದಲ್ಲಿ ಮುಳುಗಿದ್ದರೆ ಅದು ಮತ್ತೊಬ್ಬರು ಹಚ್ಚಿದ ಬಣ್ಣ. ಮರುಬಣ್ಣ ಪಾಪವಲ್ಲ. ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಬೇಕು.

ಲೋಹವೋ, ರೆಸಿನ್ನೋ, ಪ್ಲಾಸ್ಟಿಕ್ಕೋ

ಹಳೆಯವು ಸೀಸ. ಬ್ರಿಟನ್ಸ್ ಸೀಸದ ಸೈನಿಕರನ್ನು ನಿಲ್ಲಿಸಿದ್ದು 1966ರಲ್ಲಿ. ಈಗಿನ ಲೋಹದವು ಬಹುತೇಕ ತವರ ಹೆಚ್ಚಿರುವ ಮಿಶ್ರಲೋಹ, ವೈಟ್ ಮೆಟಲ್ ಅನ್ನುತ್ತಾರೆ. ಬಣ್ಣ ಹೋದ ಕಡೆ ಬಿಳಿ ಕಾಗದಕ್ಕೆ ತಿಕ್ಕಿದರೆ ಪೆನ್ಸಿಲಿನಂತೆ ಬೂದು ಗೆರೆ ಬಿದ್ದರೆ ಸೀಸ ಇರುವ ಸಾಧ್ಯತೆ ಜಾಸ್ತಿ. ಸೀಸದ್ದು ಮುಟ್ಟಿದ ಮೇಲೆ ಕೈ ತೊಳೆಯಿರಿ. ಸಣ್ಣ ಮಕ್ಕಳ ಕೈಗೆ ಯಾವತ್ತೂ ಕೊಡಬೇಡಿ, ಅವು ಬಾಯಿಗೆ ಹಾಕುತ್ತವೆ.

ಸೀಸಕ್ಕೆ ದೊಡ್ಡ ಶತ್ರು ಹುಳಿ ಆವಿ. ಹೊಸ ಪ್ಲೈವುಡ್, ಎಂಡಿಎಫ್ ಹಲಗೆ, ಅಗ್ಗದ ರಟ್ಟು ಇವೆಲ್ಲ ನಿಧಾನಕ್ಕೆ ಹುಳಿ ಆವಿ ಬಿಡುತ್ತವೆ. ಮುಚ್ಚಿದ ಜಾಗದಲ್ಲಿ ಅದು ಕೂಡಿಕೊಂಡರೆ ಸೀಸದ ಮೇಲೆ ಬಿಳಿ ಬೂದಿಯಂಥ ಪುಡಿ ಏಳುತ್ತದೆ. ಒಮ್ಮೆ ಶುರುವಾದರೆ ಒಳಗೊಳಗೇ ತಿನ್ನುತ್ತದೆ. ಇದಕ್ಕಿಂತ ಜನ ಗಮನಿಸದ ಇನ್ನೊಂದಿದೆ. ಗಾಜಿನ ಅಂಗಡಿಯವರು ಶೋಕೇಸು ಅಂಟಿಸಲು ಬಳಸುವ ಸಿಲಿಕಾನ್. ವಿನೆಗರ್ ವಾಸನೆ ಬರುತ್ತದಲ್ಲ, ಅದು ಅದೇ ಹುಳಿ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕಾನ್ ಹಾಕಿ ಅಂತ ಮೊದಲೇ ಹೇಳಿ. ಹಾಕಿಬಿಟ್ಟಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ, ವಾರಗಟ್ಟಲೆ ಆದರೂ ಸರಿ, ಬಾಗಿಲು ತೆರೆದಿಟ್ಟು ಆಮೇಲೆ ತೋಪು ಇಡಿ.

ರೆಸಿನ್ (ಅಚ್ಚಿನಲ್ಲಿ ಹೊಯ್ದು ಗಟ್ಟಿ ಮಾಡುವ ಅಂಟಿನಂಥ ವಸ್ತು) ಮತ್ತು ಪ್ಲಾಸ್ಟಿಕ್ಕಿಗೆ ಹುಳಿಯ ಭಯವಿಲ್ಲ. ಅವಕ್ಕೆ ಬಿಸಿಲಿನ ಭಯ. ಪ್ಲಾಸ್ಟಿಕ್ ಇಟ್ಟ ಕಡೆ ನುಸಿಗುಳಿಗೆಯನ್ನೂ ಇಡಬೇಡಿ. ಅದರ ಆವಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ.

ಕೊಳ್ಳುವುದು, ತರಿಸುವುದು

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇವಕ್ಕೆಂದೇ ಇರುವ ಅಂಗಡಿ ನಾನು ಕಂಡಿಲ್ಲ. ಕೊಳ್ಳುವುದೆಲ್ಲ ಪಾರ್ಸೆಲ್ಲಿನಲ್ಲೇ. ಹಾಗಾಗಿ ಬೆಲೆ ಅಂದರೆ ಪಟ್ಟಿಯ ಬೆಲೆ ಅಲ್ಲ. ವಸ್ತು, ಸಾಗಣೆ, ಸುಂಕ, ಬ್ಯಾಂಕಿನ ಖರ್ಚು ನಾಲ್ಕೂ ಸೇರಿಸಿ ಆಮೇಲೆ ಯೋಚಿಸಿ. ಆಟಿಕೆ ಅಂತ ಲೆಕ್ಕ ಹಿಡಿದರೆ ಸುಂಕ ಜೋರು. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿತ್ತು. ದರ ಬದಲಾಗುತ್ತಲೇ ಇರುತ್ತದೆ, ದುಡ್ಡು ಕಟ್ಟುವ ವಾರವೇ ವಿಚಾರಿಸಿಕೊಳ್ಳಿ. ಬಿಲ್ಲಿನಲ್ಲಿ ವಯಸ್ಕರ ಸಂಗ್ರಹದ ವಸ್ತು ಅಂತ, ಯಾವ ಲೋಹ ಅಂತ, ನಿಜವಾದ ಬೆಲೆ ಎಷ್ಟು ಅಂತ ಸರಿಯಾಗಿ ಬರೆಯಲು ಹೇಳಿ. ಕಡಿಮೆ ಬೆಲೆ ತೋರಿಸಿ ಅಂತ ಕೇಳಬೇಡಿ. ಪಾರ್ಸೆಲ್ ಕಳೆದರೆ ಪರಿಹಾರ ಸಿಗುವುದೂ ಆ ಸಣ್ಣ ಮೊತ್ತಕ್ಕೇ.

ನನ್ನ ಎರಡನೇ ಸೆಟ್ಟು ಬಂದಾಗ ನಳಿಗೆ ಮುರಿದು ಎರಡು ತುಂಡಾಗಿತ್ತು, ಐದನೇ ನಂಬರಿನವನ ಕೈ ಡಬ್ಬಿಯ ಮೂಲೆಯಲ್ಲಿ ಬಿದ್ದಿತ್ತು. ಮಾರಿದವರು "ನಾವು ಸರಿಯಾಗಿಯೇ ಕಳಿಸಿದ್ದೇವೆ" ಅಂದರು. ನನ್ನ ಬಳಿ ಸಾಕ್ಷಿ ಇರಲಿಲ್ಲ. ಅವತ್ತಿನಿಂದ ಡಬ್ಬಿ ಒಡೆಯುವ ಮುಂಚೆಯೇ ಮೊಬೈಲ್ ಯಾರಾದರೂ ಹಿಡಿದಿರುತ್ತಾರೆ. ಆರೂ ಬದಿ, ಟೇಪು, ವಿಳಾಸದ ಚೀಟಿ, ಆಮೇಲೆ ಬಿಚ್ಚುವುದು, ಎಲ್ಲ ಒಂದೇ ವಿಡಿಯೋದಲ್ಲಿ. ಮತ್ತೊಂದು ಪಾಠ ಅದೇ ದಿನ ಕಲಿತೆ. ಥರ್ಮೋಕೋಲಿನ ತುಂಡುಗಳನ್ನು ಬೆರಳಿನಿಂದ ಚೂರುಚೂರು ಒಡೆದು ನೋಡದೆ ಎಸೆಯಬೇಡಿ. ಗುಂಡಿನ ಪೆಟ್ಟಿಗೆ, ಬಕೆಟ್ಟು, ಕೊಳವೆ ಅದರ ಸಂದಿಯಲ್ಲೇ ಅಡಗಿರುತ್ತವೆ.

ಫೋಟೋ ಕೇಳುವಾಗ ನಾಲ್ಕು ಬದಿ, ಪೀಠದ ಕೆಳಭಾಗ, ಮುಖ ಹತ್ತಿರದಿಂದ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಒಂದು. ಇದನ್ನು ಕಳಿಸಲು ಬೇಸರಪಡುವವರ ಹತ್ತಿರ ಕೊಳ್ಳಬೇಡಿ. ಮೂಲ ಡಬ್ಬಿ ಇದ್ದರೆ ಸ್ವಲ್ಪ ಜಾಸ್ತಿ ಕೊಡಬಹುದು. ಸೆಟ್ಟಿನ ನಂಬರು ಅದರ ಮೇಲೆ ಇರುತ್ತದೆ, ಮುಂದೆ ಬಿಟ್ಟುಹೋದ ಆಳನ್ನು ಹುಡುಕಲು ಆ ನಂಬರೇ ದಾರಿ.

ನಮ್ಮ ಬಿಸಿಲು, ನಮ್ಮ ಧೂಳು

ಬಳ್ಳಾರಿಯಲ್ಲಿ ಏಪ್ರಿಲ್-ಮೇ ಅಂದರೆ 40 ಡಿಗ್ರಿ ದಾಟುವ ದಿನಗಳು. ಮಧ್ಯಾಹ್ನದ ಬಿಸಿಲು ಬೀಳುವ ಪಡುವಣ ಗೋಡೆಗೆ ಶೋಕೇಸು ಆನಿಸಬೇಡಿ. ಗೋಡೆ ರಾತ್ರಿ ಒಂಬತ್ತರವರೆಗೂ ಬಿಸಿ ಉಗುಳುತ್ತದೆ. ರೆಸಿನ್ ನಳಿಗೆ ಉದ್ದ ಇದ್ದರೆ ತನ್ನ ಭಾರಕ್ಕೇ ಬಾಗುತ್ತದೆ. ತುದಿಯ ಕೆಳಗೆ ಸಣ್ಣ ಪಾರದರ್ಶಕ ಆಸರೆ ಕೊಡಿ. ಕೊರಿಯರ್ ಆಫೀಸಿನಿಂದ ತರುವಾಗ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ. ಬಣ್ಣ ಹಚ್ಚದ ರೆಸಿನ್ ನಳಿಗೆ ಬಾಗಿದ್ದರೆ ಬಿಸಿನೀರಲ್ಲಿ ಅದ್ದಿ, ನೇರ ಮಾಡಿ, ತಣ್ಣೀರಲ್ಲಿ ಹಿಡಿಯಿರಿ. ಬಣ್ಣ ಹಚ್ಚಿದ್ದಕ್ಕೆ ಈ ಉಪಾಯ ಬೇಡ.

ಧೂಳಿನ ವಿಷಯಕ್ಕೆ ಬಂದರೆ, ಸಂಡೂರು, ಹೊಸಪೇಟೆ ಕಡೆಯ ಅದಿರಿನ ಕೆಂಪು ಧೂಳು ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ಅದು ಬರೀ ಮಣ್ಣಲ್ಲ, ಕಬ್ಬಿಣದ ಹರಳು. ಬಟ್ಟೆಯಿಂದ ಒರೆಸಿದರೆ ಉಪ್ಪುಕಾಗದ ತಿಕ್ಕಿದ ಹಾಗೆ ಬಣ್ಣ ಕೀಳುತ್ತದೆ. ಒದ್ದೆ ಮಾಡಿದರೆ ಮಡಿಕೆಯಲ್ಲಿ ಕೆಂಪು ಕಲೆ ಕೂರುತ್ತದೆ. ಮೊದಲು ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಬುಗ್ಗೆಯಿಂದ ಊದಿ. ಆಮೇಲೆ ಮುಖಕ್ಕೆ ಪೌಡರ್ ಹಚ್ಚುವ ಮೆತ್ತನೆ ಬ್ರಶ್ಶಿನಿಂದ, ಮೇಲಿನಿಂದ ಕೆಳಗೆ, ಒತ್ತದೆ. ಬಾಯಿಂದ ಊದಬೇಡಿ, ಎಂಜಲಿನ ಹನಿ ಬೀಳುತ್ತದೆ. ಶೋಕೇಸಿನ ಬಾಗಿಲ ಸಂದಿಗೆ ಫೋಮ್ ಪಟ್ಟಿ ಅಂಟಿಸಿದರೆ ಈ ಕೆಲಸ ತಿಂಗಳಿಗೊಮ್ಮೆಯಿಂದ ವರ್ಷಕ್ಕೆರಡು ಸಲಕ್ಕೆ ಇಳಿಯುತ್ತದೆ. ಸೀಸದ್ದು ಇದ್ದರೆ ಮಾತ್ರ ಪೂರ್ತಿ ಬಿಗಿ ಮಾಡಬೇಡಿ, ಒಳಗೆ ಗಾಳಿ ಆಡಬೇಕು. ವಾರಕ್ಕೊಮ್ಮೆ ಬಾಗಿಲು ತೆರೆದಿಡಿ.

ಸ್ಟೀಲ್ ಚೌಕಟ್ಟು, ಗಾಜಿನ ಹಲಗೆ. ಒಳಗೆ ಎಲ್‌ಇಡಿ ಪಟ್ಟಿ, ಬಿಸಿಯಾಗುವ ಬಲ್ಬು ಬೇಡ. ಹಲಗೆಯ ಅಗಲ ಒಂದು ಅಡಿ ಇರಲಿ.

ಇಡುವಾಗ ಎತ್ತರ ಮರೆಯಬೇಡಿ

ನಮ್ಮ ಬಳ್ಳಾರಿ ಕೋಟೆಯ ಬಗ್ಗೆ ಜನ ಹೇಳುವ ಕಥೆ ಚಿಕ್ಕವನಿದ್ದಾಗಿನಿಂದ ಕೇಳಿದ್ದೇನೆ. ಹೈದರಾಲಿ ಒಬ್ಬ ಫ್ರೆಂಚ್ ಇಂಜಿನಿಯರನಿಂದ ಕೋಟೆ ಕಟ್ಟಿಸಿದ. ಕಟ್ಟಿ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇರುವುದು ಕಂಡಿತು. ಅಲ್ಲಿ ತೋಪು ಏರಿಸಿದರೆ ಕೋಟೆ ಕೈಬಿಟ್ಟಂತೆಯೇ. ಸಿಟ್ಟಿಗೆ ಇಂಜಿನಿಯರನನ್ನು ಗಲ್ಲಿಗೇರಿಸಿದ ಅನ್ನುತ್ತಾರೆ. ತೋಪಿಗೆ ಎತ್ತರ ಅಂದರೆ ಏನು ಅನ್ನುವುದು ಆ ಕಥೆಯಿಂದಲೇ ನನ್ನ ತಲೆಯಲ್ಲಿ ಕೂತಿದ್ದು.

ಶೋಕೇಸಿನಲ್ಲೂ ನೆಲ ಪೂರ್ತಿ ಸಪಾಟಾಗಿ ಇರಬೇಕಿಲ್ಲ. ತೋಪಿನ ಹಿಂದೆ ಒಂದು ಸೆಂಟಿಮೀಟರ್ ದಿಬ್ಬ ಕೊಟ್ಟು ಸಾರ್ಜೆಂಟನನ್ನು ಅಲ್ಲಿ ನಿಲ್ಲಿಸಿ, ಅವನ ಕಣ್ಣಿಗೆ ಎಲ್ಲರೂ ಸಿಗುತ್ತಾರೆ. ತೋಪನ್ನು ನೇರ ನಮ್ಮ ಕಡೆ ತಿರುಗಿಸಬೇಡಿ. ಸ್ವಲ್ಪ ಓರೆಯಾಗಿ, ಎಡಗಡೆ ನಮಗೆ ಕಾಣುವಂತೆ ಇಟ್ಟರೆ ಗುರಿಕಾರನ ಮುಖ ತೋಪಿನ ಮುಂದಿನ ರಕ್ಷಾ ತಗಡಿನ ಮರೆಗೆ ಹೋಗುವುದಿಲ್ಲ. ಹಲಗೆ ನಿಮ್ಮ ಎದೆಮಟ್ಟಕ್ಕೆ ಇರಲಿ. ನೆಲಕ್ಕೆ ಚಿಕ್ಕ ಅಲಂಕಾರ ಬೇಕಾದರೆ ಜರಡಿ ಹಿಡಿದ ಮರಳು ಸಾಕು, ತೊಳೆದು ಒಣಗಿಸಿ ಹಾಕಿ.

ನಿಜವಾದ ತೋಪು ನೋಡಿ ಬನ್ನಿ ಅಂತಲೂ ಹೇಳುತ್ತೇನೆ. ರಾಯಚೂರು ಕೋಟೆಯ ಎತ್ತರದ ಭಾಗವಾದ ಬಾಲಾಹಿಸ್ಸಾರ್ ಮೇಲೆ 20 ಅಡಿಗೂ ಉದ್ದದ ಹಳೆಯ ತೋಪಿದೆ. ಅದೇ ರಾಯಚೂರಿಗಾಗಿ 1520ರ ಮೇ 19ರಂದು ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್ ಶಾಹ ಕಾದಾಡಿದರು. ಆದಿಲ್ ಶಾಹನ ತೋಪುಗಳು ಒಟ್ಟಿಗೆ ಸಿಡಿದು ವಿಜಯನಗರದ ಮುಂಚೂಣಿ ಚದುರಿತು, ಆದರೂ ರಾಯ ಉಳಿದ ಸೈನ್ಯ ನುಗ್ಗಿಸಿ ಗೆದ್ದ ಅಂತ ಪೋರ್ಚುಗೀಸ್ ವ್ಯಾಪಾರಿ ನುನೀಜ್ ಬರೆದಿದ್ದಾನೆ. ಆ ಉದ್ದದ ತೋಪಿನ ಪಕ್ಕ ನಿಂತು ನಿಮ್ಮ ಕೈ ಅದರ ಬಾಯಿಗೆ ಅಳತೆ ಹಿಡಿದು ನೋಡಿ. ಮನೆಗೆ ಬಂದು ಪುಟ್ಟ ತೋಪಿನ ಪಕ್ಕ ಪುಟ್ಟ ಆಳನ್ನು ನಿಲ್ಲಿಸುವಾಗ ಆ ಅಳತೆ ಕೈಗೆ ನೆನಪಿರುತ್ತದೆ.

ಮುರಿದರೆ

ಲೋಹದ ಕೈ ಮುರಿದರೆ ಬರೀ ಅಂಟು ನಿಲ್ಲುವುದಿಲ್ಲ. ಎರಡೂ ಕಡೆ ಅರ್ಧ ಮಿಲಿಮೀಟರ್ ತೂತು ಕೊರೆದು, ಹಿತ್ತಾಳೆ ತಂತಿಯ ಮೊಳೆ ಇಟ್ಟು, ಎರಡು ಟ್ಯೂಬು ಕಲೆಸುವ ಅರಾಲ್ಡೈಟ್‌ನಿಂದ ಕೂಡಿಸಿ. ಫೆವಿಕ್ವಿಕ್ ಥರದ್ದು ಬೇಗ ಹಿಡಿಯುತ್ತದೆ ನಿಜ, ಆದರೆ ಅದರ ಆವಿ ಸುತ್ತಲಿನ ಬಣ್ಣದ ಮೇಲೆ ಬಿಳಿ ಮಂಜಿನ ಹಾಗೆ ಕೂರುತ್ತದೆ. ಬಣ್ಣ ತಾಗಿಸುವಾಗ ಮುರಿದ ಜಾಗಕ್ಕಷ್ಟೇ ತಾಗಿಸಿ, ಪೂರ್ತಿ ತೋಳಿಗೆ ಬಳಿಯಬೇಡಿ. ಎತ್ತುವಾಗ ಯಾವಾಗಲೂ ಪೀಠ ಹಿಡಿದು ಎತ್ತಿ, ನಳಿಗೆ ಹಿಡಿದು ಅಲ್ಲ. ಬೆರಳಿನ ಬೆವರು ಮಂಕು ಬಣ್ಣಕ್ಕೆ ಹೊಳಪು ತರುತ್ತದೆ.

ವಹಿ ಬರೆಯುವುದು

ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಒಂದು ಉದ್ದನೆಯ ನೋಟ್‌ಬುಕ್ ಸಾಕು. ಪ್ರತಿ ಸೆಟ್ಟಿಗೆ ಒಂದು ಪುಟ. ಮಾಡಿದವರು, ಸೆಟ್ಟಿನ ನಂಬರು, ಅಳತೆ, ಲೋಹ, ಕೊಂಡ ದಿನ, ಕೈಗೆ ಬಂದಾಗ ಆದ ಒಟ್ಟು ಖರ್ಚು, ದುರಸ್ತಿ ಮಾಡಿದ್ದರೆ ಎಲ್ಲಿ, ಯಾವ ಅಂಟಿನಿಂದ. ಅದರ ಕೆಳಗೆ ತೋಪನ್ನು ಮೇಲಿನಿಂದ ನೋಡಿದ ಹಾಗೆ ಒಂದು ನಕ್ಷೆ ಬರೆದು, ಒಂದರಿಂದ ಆರರವರೆಗೆ ಆಳುಗಳ ಜಾಗ ಗುರುತು ಮಾಡಿ. ಮನೆ ಬದಲಿಸಿದಾಗ, ಸುಣ್ಣ ಬಳಿಯುವಾಗ ಎಲ್ಲ ಬಿಚ್ಚಿ ಮತ್ತೆ ಜೋಡಿಸಬೇಕಾಗುತ್ತದೆ. ಆಗ ಆ ನಕ್ಷೆ ಬೇಕೇಬೇಕು.

ಕಟ್ಟುವಾಗ ಮೊದಲು ಹುಳಿ ಬಿಡದ ಕಾಗದ ಸುತ್ತಿ, ಆಮೇಲೆ ಬಬಲ್ ಹಾಳೆ. ಬಬಲ್ ಹಾಳೆ ನೇರವಾಗಿ ಬಣ್ಣಕ್ಕೆ ತಾಗಿದರೆ ಬೇಸಿಗೆಯಲ್ಲಿ ದುಂಡು ದುಂಡು ಗುರುತು ಬೀಳುತ್ತದೆ. ತೋಪನ್ನು ಗಾಲಿಯ ಮೇಲೆ ನಿಲ್ಲಿಸಿ ಕಟ್ಟಬೇಡಿ, ಅಚ್ಚು ಬಾಗುತ್ತದೆ. ಹೊಟ್ಟೆಯ ಕೆಳಗೆ ಫೋಮಿನ ತುಂಡು ಕೊಟ್ಟು ಗಾಲಿ ಗಾಳಿಯಲ್ಲಿ ಇರುವಂತೆ ಕೂರಿಸಿ. ಡಬ್ಬಿಯ ಮೇಲೆ ಸೆಟ್ಟಿನ ನಂಬರಿನ ಜೊತೆ ಎಷ್ಟು ಆಳು ಒಳಗಿದ್ದಾರೆ ಅಂತ ಬರೆಯಿರಿ, ಬಿಚ್ಚುವಾಗ ಎಣಿಸಿಕೊಳ್ಳಿ.